ಓದುಗರ ಪ್ರಶ್ನೆ, ನಮ್ಮ ಉತ್ತರ: ಜನರಲ್ ತಿಮ್ಮಯ್ಯನವರು ಕೊನೆಯ ದಿನಗಳನ್ನು ಕಳೆದ ಸೈಪ್ರಸ್

ಹಿಂದಿನ ಸಂಚಿಕೆಯಲ್ಲಿ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರನ್ನು ಕುರಿತ ಟಿಪ್ಪಣಿಯೊಂದರಲ್ಲಿ, ಅವರು 1965ರ ಡಿಸೆಂಬರ್‌ನಲ್ಲಿ ಸೈಪ್ರಸ್ ದ್ವೀಪದಲ್ಲಿ ತೀರಿಕೊಂಡರೆಂದು ಬರೆದಿದ್ದೆವು. ಆ ಒಂದು ವಾಕ್ಯವನ್ನು ಹಿಡಿದು ಕೊಡಗು ಜಿಲ್ಲೆಯ ಹಲವು ಊರುಗಳಿಂದ ಪತ್ರಗಳು ಬಂದಿವೆ. ಕೆಲವರಿಗೆ ಇತಿಹಾಸ ಬೇಕು, ಕೆಲವರಿಗೆ ಕಾಡು ಮತ್ತು ಹಕ್ಕಿಗಳ ವಿವರ ಬೇಕು, ಇನ್ನು ಕೆಲವರು ಮನೆಮಂದಿಯೊಡನೆ ಹೋಗಿ ಬರುವ ಯೋಚನೆಯಲ್ಲಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ದ್ವೀಪಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ ಅಷ್ಟು ದೂರದ ದ್ವೀಪಕ್ಕೆ ಹೋಗಬೇಕಾಗಿ ಬಂದದ್ದು ಏಕೆ? ಅಲ್ಲಿ ಅವರ ನೆನಪಿನ ಗುರುತು ಏನಾದರೂ ಉಳಿದಿದೆಯೇ? (ಮಡಿಕೇರಿಯ ನಿವೃತ್ತ ಸೈನಿಕರೊಬ್ಬರು)

ಉತ್ತರ: ಮಾನ್ಯರೇ, ಇದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ. ಸೈಪ್ರಸ್ 1878ರಿಂದ ಬ್ರಿಟಿಷರ ಆಡಳಿತದಲ್ಲಿತ್ತು. 1960ರ ಆಗಸ್ಟ್ 16ರಂದು ಸ್ವತಂತ್ರವಾಯಿತು. ಆಗ ಅಲ್ಲಿನ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮಂದಿ ಗ್ರೀಕ್ ಮಾತನಾಡುವ ಕ್ರೈಸ್ತರು, ಐದರಲ್ಲಿ ಒಂದು ಪಾಲಿಗೆ ತುಸು ಕಡಿಮೆ ತುರ್ಕಿ ಮಾತನಾಡುವ ಮುಸ್ಲಿಮರು. ಇಬ್ಬರೂ ಸೇರಿ ಆಳಬೇಕೆಂದು ಬರೆದ ಸಂವಿಧಾನ ಮೂರೂವರೆ ವರ್ಷ ಉರುಳುವುದರೊಳಗೆ ಕುಸಿಯಿತು. 1963ರ ಡಿಸೆಂಬರ್‌ನಲ್ಲಿ ರಾಜಧಾನಿ ನಿಕೋಸಿಯಾದಲ್ಲಿ ರಕ್ತ ಹರಿದಾಗ, ಬ್ರಿಟಿಷ್ ಸೇನಾಧಿಕಾರಿ ಮೇಜರ್ ಜನರಲ್ ಪೀಟರ್ ಯಂಗ್ ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್‌ನಿಂದ ಒಂದು ಗೆರೆ ಎಳೆದು ಎರಡು ಕಡೆಯವರನ್ನು ಬೇರ್ಪಡಿಸಿದರು. ಅದೇ ಇಂದಿಗೂ ‘ಹಸಿರು ಗೆರೆ’ ಎಂದು ಕರೆಯಲಾಗುವ ಗಡಿಯ ಮೊದಲ ರೂಪ. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಲ್ಲಿಗೆ ಶಾಂತಿಪಾಲನಾ ಪಡೆಯನ್ನು ಕಳುಹಿಸಲು ತೀರ್ಮಾನಿಸಿತು. ಅದರ ಮೊದಲ ದಂಡನಾಯಕರು ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ, ಅವರ ನಂತರ, ಅದೇ ವರ್ಷದ ಜುಲೈನಲ್ಲಿ, ತಿಮ್ಮಯ್ಯನವರು ಹೊಣೆ ವಹಿಸಿಕೊಂಡರು. ಕೊರಿಯಾ ಯುದ್ಧ ಮುಗಿದಾಗ ಯುದ್ಧಕೈದಿಗಳ ವಾಪಸಾತಿಗೆ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಅವರು ಮಾಡಿದ್ದ ಕೆಲಸವನ್ನು ಪ್ರಪಂಚವೇ ನೋಡಿತ್ತು. ಎರಡು ಕಡೆಯವರ ನಂಬಿಕೆಯನ್ನೂ ಗಳಿಸಬಲ್ಲ ಸೇನಾಧಿಕಾರಿ ಬೇಕಾದಾಗ ಅವರ ಹೆಸರು ಮುಂದೆ ಬಂದದ್ದರಲ್ಲಿ ಅಚ್ಚರಿಯಿಲ್ಲ.

ಆ ಕೆಲಸ ಎಷ್ಟು ಕಠಿಣವಾಗಿತ್ತೆಂಬುದನ್ನು ಸೈನಿಕರಾದ ತಾವು ಬಲ್ಲಿರಿ. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳಿಂದ ಬಂದ ಆರು ಸಾವಿರಕ್ಕೂ ಹೆಚ್ಚು ಸೈನಿಕರು ಅವರ ಅಧೀನದಲ್ಲಿದ್ದರು, ಆದರೆ ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಅವರು ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, 1964ರ ಆಗಸ್ಟ್‌ನಲ್ಲಿ, ದ್ವೀಪದ ವಾಯವ್ಯ ಕರಾವಳಿಯ ಕೊಕ್ಕಿನಾ ಸುತ್ತಮುತ್ತ ಕಾಳಗ ಹತ್ತಿಕೊಂಡು, ತುರ್ಕಿಯ ಯುದ್ಧವಿಮಾನಗಳು ಬಾಂಬ್ ಹಾಕುವ ಮಟ್ಟಕ್ಕೆ ಹೋಯಿತು. ಕದನವಿರಾಮ ಆದ ಮೇಲೆ ಉಳಿದದ್ದು ದಿನದಿನದ ಕೆಲಸ: ಎದುರುಬದುರಾಗಿ ಮರಳುಚೀಲ ಒಟ್ಟಿ ಕುಳಿತವರ ನಡುವೆ ನಿಲ್ಲುವುದು, ರೈತರು ತಮ್ಮ ಹೊಲಕ್ಕೆ ಹೋಗಿ ಫಸಲು ಕೊಯ್ಯಲು ಕಾವಲು ಕೊಡುವುದು, ರಸ್ತೆ ತೆರೆಸುವುದು, ಮಾತುಕತೆ ಕಡಿಯದಂತೆ ನೋಡಿಕೊಳ್ಳುವುದು. ಆ ಹೊಣೆಯಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ಅವರು ಹೃದಯಾಘಾತದಿಂದ ನಿಧನರಾದರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಕಾ ನಗರದಲ್ಲಿ ಇಂದಿಗೂ ಒಂದು ದೊಡ್ಡ ರಸ್ತೆಗೆ ಅವರ ಹೆಸರಿದೆ. ಗ್ರೀಕ್ ಉಚ್ಚಾರಣೆಯಲ್ಲಿ ಅದು ‘ತಿಮಾಯಿಯಾ’ ಆಗಿದೆ. ಮಡಿಕೇರಿಯಲ್ಲಿ ಅವರ ಮನೆಯಾಗಿದ್ದ ಸನ್ನಿಸೈಡ್‌ನಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡಿದವರು ಲಾರ್ನಕಾಕ್ಕೆ ಹೋದರೆ, ಕಡಲತೀರಕ್ಕೆ ಹೋಗುವ ಮೊದಲು ಆ ರಸ್ತೆಯಲ್ಲಿ ಒಮ್ಮೆ ನಡೆದು ಬರಲಿ ಎಂಬುದು ನನ್ನ ಮನಃಪೂರ್ವಕ ಆಸೆ.

ಪ್ರಶ್ನೆ: ಸೈಪ್ರಸ್ ಎಂದರೆ ಬರೀ ಮರಳು ಮತ್ತು ಸಮುದ್ರ ಎಂದುಕೊಂಡಿದ್ದೆ. ಅಲ್ಲಿಯೂ ಬೆಟ್ಟ, ಕಾಡು ಇದೆಯೆಂದು ಕೇಳಿದೆ. ಆ ಕಾಡು ಹೇಗಿದೆ? (ಪೊನ್ನಂಪೇಟೆಯ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು, ಏಕೆಂದರೆ ಆ ದ್ವೀಪವನ್ನು ಅರ್ಥಮಾಡಿಕೊಳ್ಳುವ ಬಾಗಿಲು ಅದರ ಬೆಟ್ಟವೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಸೈಪ್ರಸ್‌ನ ವಿಸ್ತೀರ್ಣ 9,251 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿ ಮತ್ತು ಸಾರ್ಡಿನಿಯಾ ಬಿಟ್ಟರೆ ಇದೇ ದೊಡ್ಡ ದ್ವೀಪ. ಉತ್ತರದ ಅಂಚಿಗೆ ಗೋಡೆಯಂತೆ ನಿಂತ ಪೆಂಟಡಾಕ್ಟಿಲೋಸ್ ಎಂಬ ಸುಣ್ಣಕಲ್ಲಿನ ಸಾಲು, ನಡುವೆ ಮೆಸಓರಿಯಾ ಬಯಲು, ನೈಋತ್ಯದಲ್ಲಿ ಟ್ರೂಡೋಸ್ ಬೆಟ್ಟಗಳು. ಟ್ರೂಡೋಸ್‌ನ ತುದಿಯಾದ ಒಲಿಂಪಸ್ ಶಿಖರ 1,952 ಮೀಟರ್ ಎತ್ತರವಿದೆ, ಅಂದರೆ ಕೊಡಗಿನ ಅತಿ ಎತ್ತರದ ಬೆಟ್ಟವಾದ ತಡಿಯಂಡಮೋಳಿಗಿಂತ ಸುಮಾರು 200 ಮೀಟರ್ ಹೆಚ್ಚು. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ.

ಟ್ರೂಡೋಸ್‌ನ ಹುಟ್ಟಿನ ಕತೆ ಭೂವಿಜ್ಞಾನಿಗಳಿಗೆ ಬಹಳ ಪ್ರಿಯವಾದದ್ದು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಅದು ಬೆಟ್ಟವಾಗಿರಲಿಲ್ಲ, ಆಳವಾದ ಸಮುದ್ರದ ತಳವಾಗಿತ್ತು. ಆಫ್ರಿಕಾದ ಭೂಫಲಕ ಉತ್ತರಕ್ಕೆ ಸರಿದು ಯುರೇಷಿಯಾದ ಅಂಚನ್ನು ಒತ್ತಿದಾಗ, ಸಮುದ್ರತಳದ ಆ ತುಂಡು ಕೆಳಗೆ ಜಾರಿ ಕರಗಿಹೋಗುವ ಬದಲು ಮೇಲೆದ್ದು ಉಬ್ಬಿ ನಿಂತಿತು. ಮಳೆ ಗಾಳಿಗಳು ಉಬ್ಬಿನ ನೆತ್ತಿಯನ್ನೇ ಹೆಚ್ಚು ಸವೆಸಿದ್ದರಿಂದ, ಎಲ್ಲಕ್ಕಿಂತ ಆಳದಲ್ಲಿದ್ದ ಕಲ್ಲು ಈಗ ಎಲ್ಲಕ್ಕಿಂತ ಎತ್ತರದಲ್ಲಿ ಕಾಣಿಸುತ್ತದೆ. ಶಿಖರದ ಬಳಿ ನೀವು ಮೆಟ್ಟುವುದು ಭೂಮಿಯ ಹೊರಪದರದ ಕೆಳಗಿರುವ ಕವಚದ ಕಲ್ಲನ್ನು; ಅಲ್ಲಿಂದ ಇಳಿಯುತ್ತ ಹೊರಟರೆ ಸಮುದ್ರತಳದ ಪದರಗಳು ಒಂದೊಂದಾಗಿ ಎದುರಾಗಿ, ಬೆಟ್ಟದ ಬುಡದಲ್ಲಿ ನೀರಿನೊಳಗೆ ಹರಿದು ಥಟ್ಟನೆ ತಣಿದು ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಸಿಗುತ್ತದೆ. ಆ ಲಾವಾದ ನಡುವೆಯೇ ತಾಮ್ರದ ಅದಿರು ಇದೆ, ಮತ್ತು ಪ್ರಾಚೀನ ಪ್ರಪಂಚದಲ್ಲಿ ಸೈಪ್ರಸ್ ಸಿರಿವಂತವಾದದ್ದು ಆ ಅದಿರಿನಿಂದ. ಕೊಡಗಿನ ಬಂಡೆಗಳ ವಯಸ್ಸು ಮುನ್ನೂರು ಕೋಟಿ ವರ್ಷಕ್ಕೂ ಮೀರಿದ್ದು. ಅದರ ಮುಂದೆ ಟ್ರೂಡೋಸ್ ತೀರ ಎಳೆಯದು. 2015ರಿಂದ ಅದು ಯುನೆಸ್ಕೋದ ಜಾಗತಿಕ ಭೂ ಉದ್ಯಾನಗಳ ಪಟ್ಟಿಯಲ್ಲಿದೆ.

ಕಾಡು ನಮ್ಮ ಮಳೆಕಾಡಿನಂತಲ್ಲ. ಕೆಳಗಿನ ಇಳಿಜಾರುಗಳಲ್ಲಿ ಒಂದು ಜಾತಿಯ ಪೈನ್, ತುದಿಯಲ್ಲಿ ಕಪ್ಪು ಪೈನ್, ನಡುನಡುವೆ ಈ ದ್ವೀಪದಲ್ಲಿ ಮಾತ್ರ ಬೆಳೆಯುವ ಚಿನ್ನದ ಓಕ್. ಇದರ ಎಲೆಯ ಮೇಲ್ಭಾಗ ಕಡುಹಸಿರು, ತಿರುಗಿಸಿ ನೋಡಿದರೆ ಕೆಳಭಾಗ ಹೊಂಬಣ್ಣ. ಪಶ್ಚಿಮದ ಪಾಫೋಸ್ ಕಾಡಿನ ಒಂದು ಕಣಿವೆಯಲ್ಲಿ ಬೇರೆಲ್ಲೂ ಇಲ್ಲದ, ಗಿಡ್ಡ ಎಲೆಯ ಸೀಡರ್ ಮರಗಳ ತೋಪಿದೆ. ಅದೇ ಕಾಡಿನಲ್ಲಿ ಮೂಫ್ಲಾನ್ ಎಂಬ ಕಾಡುಕುರಿ ವಾಸಿಸುತ್ತದೆ. ಗಂಡಿನ ಕೊಂಬು ಕುಡುಗೋಲಿನಂತೆ ಹಿಂದಕ್ಕೆ ಬಾಗಿರುತ್ತದೆ. ಬೇಟೆಯಿಂದ ಅಳಿವಿನಂಚಿಗೆ ಹೋಗಿದ್ದ ಈ ಪ್ರಾಣಿ ಕಟ್ಟುನಿಟ್ಟಾದ ರಕ್ಷಣೆಯಿಂದ ಮತ್ತೆ ಹೆಚ್ಚಿದೆ. ಎರಡು ಸೇನೆಗಳ ನಡುವೆ ಜನರಿಲ್ಲದೆ ಬಿದ್ದಿರುವ ಗಡಿಪಟ್ಟಿಯಲ್ಲೂ ಅದು ಮರಿಹಾಕಿಕೊಂಡು ಬದುಕುತ್ತಿದೆ.

ಪ್ರಶ್ನೆ: ದಂಪತಿಗಳಿಬ್ಬರೂ ಹೋಗಿಬರಬೇಕೆಂದಿದ್ದೇವೆ. ಯಾವ ತಿಂಗಳು ಒಳ್ಳೆಯದು? ಹೋಗುವ ದಾರಿ, ವೀಸಾ ಇತ್ಯಾದಿ ತಿಳಿಸಿ. (ವಿರಾಜಪೇಟೆಯ ಓದುಗರು)

ಉತ್ತರ: ಏಪ್ರಿಲ್, ಮೇ ಅಥವಾ ಅಕ್ಟೋಬರ್. ಜುಲೈ ಆಗಸ್ಟ್‌ನಲ್ಲಿ ನಿಕೋಸಿಯಾದ ಬಿಸಿಲು 40 ಡಿಗ್ರಿ ದಾಟುವುದುಂಟು. ಆಗ ಅಲ್ಲಿಗೆ ಹೋಗುವ ಯೂರೋಪಿನವರು ದಿನವಿಡೀ ನೀರಿನಲ್ಲಿರುತ್ತಾರೆ, ನಡೆದು ನೋಡುವ ಉದ್ದೇಶದವರಿಗೆ ಅದು ಹಿಂಸೆ. ಏಪ್ರಿಲ್ ಕಳೆಯುವವರೆಗೆ ಬೆಟ್ಟದ ಇಳಿಜಾರುಗಳಲ್ಲಿ ಕಾಡುಹೂವು ತುಂಬಿರುತ್ತದೆ, ಅಕ್ಟೋಬರ್‌ನಲ್ಲಿ ಸಮುದ್ರ ಇನ್ನೂ ಬೆಚ್ಚಗಿರುತ್ತದೆ.

ವಿಮಾನ ನಿಲ್ದಾಣಗಳು ಲಾರ್ನಕಾ ಮತ್ತು ಪಾಫೋಸ್‌ನಲ್ಲಿವೆ. ದುಬೈ, ದೋಹಾ ಮುಂತಾದ ಕೊಲ್ಲಿ ನಗರಗಳಿಂದ ಲಾರ್ನಕಾಕ್ಕೆ ವಿಮಾನಗಳಿವೆ. ನಿಮಗೆ ಬೆಂಗಳೂರಿಗಿಂತ ಮಾಕುಟ್ಟದ ದಾರಿಯಾಗಿ ಕಣ್ಣೂರು ವಿಮಾನ ನಿಲ್ದಾಣ ಹತ್ತಿರವಾದ್ದರಿಂದ, ಅಲ್ಲಿಂದ ಕೊಲ್ಲಿಗೆ ಹೋಗಿ ವಿಮಾನ ಬದಲಿಸುವ ಸಾಧ್ಯತೆಯನ್ನೂ ವಿಚಾರಿಸಿ ನೋಡಿ. ಸೈಪ್ರಸ್ 2004ರಿಂದ ಯೂರೋಪ್ ಒಕ್ಕೂಟದ ಸದಸ್ಯ ರಾಷ್ಟ್ರ, 2008ರಿಂದ ಅಲ್ಲಿನ ಹಣ ಯೂರೋ. ಆದರೆ ವೀಸಾದ ವಿಷಯದಲ್ಲಿ ಅದು ಬಹುಕಾಲ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪು) ಹೊರಗೇ ಉಳಿದು, ಸೇರುವ ಪ್ರಯತ್ನದಲ್ಲಿರುವ ದೇಶ. ಆದ್ದರಿಂದ ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ದೆಹಲಿಯಲ್ಲಿರುವ ಸೈಪ್ರಸ್ ಹೈಕಮಿಷನ್ನಿಂದಲೇ ಖಚಿತಪಡಿಸಿಕೊಳ್ಳಿ. ಏಜೆಂಟರ ಬಾಯಿಮಾತನ್ನು ನಂಬಿ ಟಿಕೆಟ್ ಕೊಳ್ಳಬೇಡಿ. ಆ ಭಾಗದ ಸುತ್ತಲಿನ ದೇಶಗಳಲ್ಲಿ ಆಗಾಗ ಯುದ್ಧದ ವಾತಾವರಣ ಉಂಟಾಗುವುದರಿಂದ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನೂ ನೋಡಿಕೊಳ್ಳಿ.

ಬ್ರಿಟಿಷರು ಬಿಟ್ಟುಹೋದ ಪದ್ಧತಿಯಂತೆ ಅಲ್ಲಿ ವಾಹನಗಳು ನಮ್ಮಲ್ಲಿರುವಂತೆ ರಸ್ತೆಯ ಎಡಕ್ಕೇ ಓಡುತ್ತವೆ. ಘಾಟಿ ರಸ್ತೆಯಲ್ಲಿ ಕಾರು ಓಡಿಸಿ ಅಭ್ಯಾಸವಿರುವ ಕೊಡಗಿನವರಿಗೆ ಟ್ರೂಡೋಸ್‌ನ ತಿರುವುಗಳು ಕಷ್ಟವೆನಿಸಲಾರವು. ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋದರೆ ಬಾಡಿಗೆ ಕಾರು ಪಡೆಯುವುದು ಸುಲಭ. ನಗರಗಳ ನಡುವೆ ಬಸ್ಸುಗಳಿವೆ, ಆದರೆ ಬೆಟ್ಟದ ಹಳ್ಳಿಗಳಿಗೆ ಬಸ್ಸು ತೀರ ಕಡಿಮೆ.

ಪ್ರಶ್ನೆ: ದ್ವೀಪ ಎರಡು ಭಾಗವಾಗಿದೆಯಂತೆ. ಪ್ರವಾಸಿಗರು ಎರಡೂ ಕಡೆ ಹೋಗಬಹುದೇ? (ಕುಶಾಲನಗರದಿಂದ ಒಬ್ಬರು)

ಉತ್ತರ: ಹೋಗಬಹುದು, ಎಚ್ಚರದಿಂದ. 1974ರ ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಬೆಂಬಲದಿಂದ ಅಧ್ಯಕ್ಷ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. ಐದು ದಿನಗಳ ನಂತರ ತುರ್ಕಿಯ ಸೇನೆ ಉತ್ತರ ತೀರದಲ್ಲಿ ಇಳಿಯಿತು. ಕೊನೆಗೆ ದ್ವೀಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಅದರ ಹಿಡಿತಕ್ಕೆ ಹೋಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ಮನೆಮಠ ಬಿಟ್ಟು ದಕ್ಷಿಣಕ್ಕೆ ಓಡಿದರು, ಹತ್ತಾರು ಸಾವಿರ ತುರ್ಕರು ಉತ್ತರಕ್ಕೆ ಹೋದರು. ನಿಕೋಸಿಯಾಕ್ಕೆ ಸೀಮಿತವಾಗಿದ್ದ ಹಸಿರು ಗೆರೆ ಸುಮಾರು 180 ಕಿಲೋಮೀಟರ್ ಉದ್ದಕ್ಕೆ, ತೀರದಿಂದ ತೀರಕ್ಕೆ ಹಬ್ಬಿತು. 1983ರಲ್ಲಿ ಉತ್ತರದವರು ತಮ್ಮದು ಪ್ರತ್ಯೇಕ ದೇಶವೆಂದು ಸಾರಿಕೊಂಡರೂ ತುರ್ಕಿಯೊಂದನ್ನು ಬಿಟ್ಟು ಯಾವ ರಾಷ್ಟ್ರವೂ ಅದನ್ನು ಮಾನ್ಯ ಮಾಡಿಲ್ಲ. ವಿಶ್ವಸಂಸ್ಥೆಯ ಪಡೆ ಈಗಲೂ ಅಲ್ಲೇ ಇದೆ. ಅದರ ಮುಖ್ಯ ಕಚೇರಿ ಇರುವುದು 1974ರಲ್ಲಿ ಮುಚ್ಚಿಹೋದ ನಿಕೋಸಿಯಾ ವಿಮಾನ ನಿಲ್ದಾಣದ ಆವರಣದಲ್ಲಿ.

2003ರ ಏಪ್ರಿಲ್‌ವರೆಗೆ ಜನಸಾಮಾನ್ಯರು ಗೆರೆ ದಾಟುವಂತಿರಲಿಲ್ಲ. ಈಗ ಹಲವು ಕಡೆ ದಾರಿ ತೆರೆದಿದೆ. ಹಳೆಯ ನಿಕೋಸಿಯಾದ ನಡುವೆ ಹಾದುಹೋಗುವ ಲೆಡ್ರಾ ಬೀದಿಯ ದಾರಿ 2008ರಲ್ಲಿ ತೆರೆಯಿತು. ಅಲ್ಲಿ ಬಟ್ಟೆ ಅಂಗಡಿ, ಐಸ್‌ಕ್ರೀಮ್ ಅಂಗಡಿಗಳ ನಡುವೆ ನಡೆಯುತ್ತಿದ್ದವರು ಪಾಸ್‌ಪೋರ್ಟ್ ತೋರಿಸಿ ಮುಂದೆ ಹೋಗಬೇಕು. ಇಕ್ಕೆಲದಲ್ಲಿ ಕಿಟಕಿ ಮುಚ್ಚಿದ, ದಶಕಗಳಿಂದ ಯಾರೂ ಬಾಳದ ಮನೆಗಳು. ಮತ್ತೊಂದು ಪಾಸ್‌ಪೋರ್ಟ್ ಕಿಂಡಿ ದಾಟಿದೊಡನೆ ಬೋರ್ಡುಗಳೆಲ್ಲ ತುರ್ಕಿಯಲ್ಲಿ, ಬೆಲೆಗಳು ಲಿರಾದಲ್ಲಿ. ನೀವು ದ್ವೀಪಕ್ಕೆ ಬಂದಿಳಿಯುವುದು ಮಾತ್ರ ಲಾರ್ನಕಾ ಅಥವಾ ಪಾಫೋಸ್‌ನಲ್ಲೇ ಆಗಬೇಕು. ಉತ್ತರದ ಎರ್ಜಾನ್ ವಿಮಾನ ನಿಲ್ದಾಣದ ಮೂಲಕ ಬರುವುದನ್ನು ಸೈಪ್ರಸ್ ಸರ್ಕಾರ ಅಕ್ರಮ ಪ್ರವೇಶವೆಂದು ಪರಿಗಣಿಸುತ್ತದೆ. ದಕ್ಷಿಣದಲ್ಲಿ ಪಡೆದ ಬಾಡಿಗೆ ಕಾರಿನ ವಿಮೆ ಉತ್ತರದಲ್ಲಿ ನಡೆಯುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಿ. ದಾಟುವ ಮೊದಲು ನಿಮ್ಮ ವೀಸಾದಲ್ಲಿ ಹಿಂದಿರುಗಲು ತೊಂದರೆಯಿಲ್ಲವೇ ಎಂದು ಕಿಂಡಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಉತ್ತರಕ್ಕೆ ಹೋದವರು ಫಾಮಗುಸ್ತಾ ನೋಡಲೇಬೇಕು. ವೆನಿಸ್‌ನವರು ಕಟ್ಟಿದ ಕೋಟೆಗೋಡೆಯೊಳಗೆ, ಫ್ರೆಂಚ್ ಮೂಲದ ಲುಸಿನ್ಯಾನ್ ಅರಸರ ಕಾಲದ ಗೋಥಿಕ್ ಇಗರ್ಜಿಯೊಂದು 1571ರಲ್ಲಿ ಆಟೋಮನ್ನರು ನಗರ ಗೆದ್ದ ಮೇಲೆ ಮಸೀದಿಯಾಗಿ, ಒಂದು ಮಿನಾರ್ ಸೇರಿಸಿಕೊಂಡು ನಿಂತಿದೆ. ಅದೇ ನಗರಕ್ಕೆ ತಾಗಿದ ವರೋಶಾ 1974ರವರೆಗೆ ದ್ವೀಪದ ಅತ್ಯಂತ ಹೆಸರಾದ ಕಡಲತೀರದ ವಿಹಾರತಾಣವಾಗಿತ್ತು. ಜನ ಅದನ್ನು ತೊರೆದು ಹೋದಾಗಿನಿಂದ ಹೋಟೆಲುಗಳು ಖಾಲಿ ನಿಂತಿವೆ. 2020ರಿಂದ ಒಂದೆರಡು ಬೀದಿಗಳಲ್ಲಿ ಮಾತ್ರ ನಡೆಯಲು ಬಿಡುತ್ತಾರೆ. ಅವು ಮನೆ ಕಳೆದುಕೊಂಡವರ ಬೀದಿಗಳು. ಅಲ್ಲಿ ನಗುನಗುತ್ತ ಸೆಲ್ಫಿ ತೆಗೆದುಕೊಳ್ಳಬೇಡಿ ಎಂದು ವಿನಂತಿಸುತ್ತೇನೆ.

ಪ್ರಶ್ನೆ: ಪುರಾತನ ಸ್ಥಳಗಳಲ್ಲಿ ಯಾವುದನ್ನು ಬಿಡಬಾರದು? ಪಟ್ಟಿ ಬಹಳ ಉದ್ದವಿದೆ. (ಸೋಮವಾರಪೇಟೆಯ ಇತಿಹಾಸ ಶಿಕ್ಷಕರು)

ಉತ್ತರ: ಪಟ್ಟಿ ಉದ್ದವಿರುವುದು ನಿಜ, ಮಾನ್ಯರೇ. ಪಾಫೋಸ್‌ನ ರೋಮನ್ ಮನೆಗಳ ನೆಲದ ಮೇಲಿನ ಬಣ್ಣದ ಕಲ್ಲುಚೂರುಗಳ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ, ನೋಡಬೇಕಾದದ್ದೇ. ಕೂರಿಯೋನ್‌ನ ಬಯಲು ರಂಗಮಂದಿರ ಸಮುದ್ರದ ಮೇಲಿನ ಕಡಿಬಂಡೆಯಲ್ಲಿದೆ, ಸಂಜೆ ಹೋಗಿ. ಅಫ್ರೋದಿತೆ ದೇವಿ ನೊರೆಯಿಂದ ಹುಟ್ಟಿ ಬಂದಳೆಂದು ಹೇಳುವ ಬಂಡೆ ದಾರಿಯಲ್ಲೇ ಸಿಗುತ್ತದೆ.

ಆದರೆ ನೀವು ಶಿಕ್ಷಕರಾದ್ದರಿಂದ ಎರಡು ಕಡೆ ಹೆಚ್ಚು ಹೊತ್ತು ಕಳೆಯಿರಿ ಎನ್ನುತ್ತೇನೆ. ಒಂದು ಖಿರೋಕಿಟಿಯಾ: ಕ್ರಿಸ್ತಪೂರ್ವ ಏಳನೆಯ ಸಹಸ್ರಮಾನದ ಹಳ್ಳಿ. ಗುಡ್ಡದ ಓರೆಯಲ್ಲಿ ದುಂಡನೆಯ ಕಲ್ಲುಮನೆಗಳ ತಳಗಳು ಒತ್ತೊತ್ತಾಗಿವೆ, ಸುತ್ತ ಊರಗೋಡೆ. ಅಲ್ಲಿನವರು ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳಿ, ಮೇಲೆ ಮಣ್ಣು ಮೆತ್ತಿ, ಅದೇ ಮನೆಯಲ್ಲಿ ಬಾಳುತ್ತಿದ್ದರು. ಇದಕ್ಕಿಂತಲೂ ಹಳೆಯ ಶಿಲ್ಲೂರೊಕಾಂಬೋಸ್ ಎಂಬ ನೆಲೆಯಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿ ಸಿಕ್ಕಿತು. ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನು ಜೋಪಾನವಾಗಿ ಹೂತಿದ್ದರು. ಬೆಕ್ಕು ಆ ದ್ವೀಪದ ಮೂಲ ಪ್ರಾಣಿಯಲ್ಲ, ಮನುಷ್ಯರೇ ದೋಣಿಯಲ್ಲಿ ತಂದದ್ದು. ಮಕ್ಕಳಿಗೆ ಈ ಒಂದು ಸಂಗತಿ ಹೇಳಿದರೆ ಹೊಸ ಶಿಲಾಯುಗ ಅವರಿಗೆ ಎಂದೂ ಮರೆಯುವುದಿಲ್ಲ.

ಎರಡನೆಯದು ಟ್ರೂಡೋಸ್‌ನ ಚಿತ್ರಿತ ಇಗರ್ಜಿಗಳು. ಇವುಗಳಲ್ಲಿ ಹತ್ತು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಹೊರಗಿನಿಂದ ನೋಡಿದರೆ ಕಣಜವೆಂದು ಭ್ರಮಿಸುವಷ್ಟು ಸಾದಾ: ಒರಟು ಕಲ್ಲಿನ ಗೋಡೆ, ಹಿಮ ಜಾರಿ ಬೀಳಲೆಂದು ಕಡಿದಾದ ಮರದ ಮಾಡು, ಮಾಡಿಗೆ ಹೆಂಚು. ಹಲವು ಕಡೆ ಒಳಗಿನ ಗುಮ್ಮಟವನ್ನೂ ಆ ಮಾಡು ಪೂರ್ತಿ ಮುಚ್ಚಿರುತ್ತದೆ. ಬಾಗಿಲು ದಾಟಿದರೆ ಗೋಡೆಯಲ್ಲಿ ಒಂದು ಅಂಗೈಯಗಲ ಜಾಗವೂ ಬರಿದಾಗಿಲ್ಲ. ಅಸಿನೂ ಎಂಬಲ್ಲಿನ ಇಗರ್ಜಿಯ ಅತ್ಯಂತ ಹಳೆಯ ಚಿತ್ರಗಳು 1105–06ರವು. ಗಾಢ ನೀಲಿಯ ಹಿನ್ನೆಲೆಯಲ್ಲಿ ಉದ್ದ ಮುಖದ ಸಂತರು ದೊಡ್ಡ ಕಣ್ಣುಗಳಿಂದ ನಮ್ಮನ್ನೇ ನೋಡುತ್ತಿರುತ್ತಾರೆ. ಈ ಇಗರ್ಜಿಗಳಲ್ಲಿ ಕೆಲವಕ್ಕೆ ಬೀಗ ಹಾಕಿರುತ್ತದೆ, ಕೀಲಿ ಊರಿನ ಪಾದ್ರಿಯ ಬಳಿಯೋ ಕಾವಲುಗಾರರ ಬಳಿಯೋ ಇರುತ್ತದೆ. ಊರಿನ ಕಾಫಿ ಅಂಗಡಿಯಲ್ಲಿ ಕೇಳಿದರೆ ಕರೆಸಿಕೊಡುತ್ತಾರೆ. ಒಳಗೆ ಫೋಟೋ ತೆಗೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಮೈತುಂಬ ಬಟ್ಟೆ ತೊಟ್ಟು ಹೋಗಿ.

ಪ್ರಶ್ನೆ: ನಾವು ಮಾಂಸಾಹಾರಿಗಳು, ಜೊತೆಗೆ ಬರುವ ಅತ್ತೆಯವರು ಸಸ್ಯಾಹಾರಿ. ಊಟಕ್ಕೆ ತೊಂದರೆಯಾದೀತೇ? (ಗೋಣಿಕೊಪ್ಪಲಿನ ಓದುಗರು)

ಉತ್ತರ: ನಿಮಗಂತೂ ತೊಂದರೆಯಿಲ್ಲ. ಅಫೇಲಿಯಾ ಎಂಬ ಹಂದಿಮಾಂಸದ ಅಡುಗೆಯನ್ನು ಕೇಳಿ ಪಡೆಯಿರಿ. ಮಾಂಸವನ್ನು ಕೆಂಪು ವೈನಿನಲ್ಲಿ ನೆನೆಸಿ, ಜಜ್ಜಿದ ಕೊತ್ತಂಬರಿ ಬೀಜವನ್ನು ಧಾರಾಳವಾಗಿ ಹಾಕಿ ಬೇಯಿಸುತ್ತಾರೆ. ಪಂದಿಕರಿಗೆ ಕಾಚಂಪುಳಿಯ ಹುಳಿ ಹೇಗೋ ಅಫೇಲಿಯಾಕ್ಕೆ ಆ ವೈನಿನ ಹುಳಿ ಹಾಗೆ. ಖಾರ ಮಾತ್ರ ಇರುವುದಿಲ್ಲ. ಆಡು ಮತ್ತು ಕುರಿಯ ಹಾಲಿನಿಂದ ಮಾಡಿ ಪುದೀನ ಸೇರಿಸಿದ ಹಲ್ಲೂಮಿ ಚೀಸನ್ನು ಕಾವಲಿಯ ಮೇಲೆ ಸುಟ್ಟರೂ ಕರಗುವುದಿಲ್ಲ. 2021ರಲ್ಲಿ ಅದಕ್ಕೆ ಯೂರೋಪ್ ಒಕ್ಕೂಟದ ಪ್ರಾದೇಶಿಕ ಹೆಸರಿನ ರಕ್ಷಣೆ ದೊರೆಯಿತು.

ನಿಮ್ಮ ಅತ್ತೆಯವರಿಗೂ ಚಿಂತೆ ಬೇಡ. ಅಲ್ಲಿನ ಸಾಂಪ್ರದಾಯಿಕ (ಆರ್ಥೊಡಾಕ್ಸ್) ಕ್ರೈಸ್ತರಿಗೆ ವರ್ಷದಲ್ಲಿ ಅನೇಕ ಉಪವಾಸದ ದಿನಗಳಿದ್ದು, ಆಗ ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಆದ್ದರಿಂದ ಬೇಳೆಕಾಳುಗಳ ಅಡುಗೆ ಅಲ್ಲಿ ಸಮೃದ್ಧವಾಗಿದೆ. ಅಲಸಂದೆ ಕಾಳನ್ನು ಸೊಪ್ಪಿನೊಡನೆ ಬೇಯಿಸಿ ಆಲಿವ್ ಎಣ್ಣೆ, ನಿಂಬೆಹುಳಿ ಹಾಕಿ ತಿನ್ನುವ ಲೂವಿ ಎಂಬುದನ್ನು ಮನೆಮನೆಯಲ್ಲೂ ಮಾಡುತ್ತಾರೆ. ಇನ್ನೊಂದು ಸಂಗತಿ ನಿಮಗೆ ಹಿಡಿಸೀತು: ಅಲ್ಲಿ ಕೆಸುವಿನ ಗೆಡ್ಡೆಯೂ ಇದೆ. ಕೊಲೊಕಾಸಿ ಎಂದು ಕರೆಯುವ ಅದನ್ನು ಆಗ್ನೇಯದ ಸೋತಿರಾ ಊರಿನ ಕೆಂಪುಮಣ್ಣಿನಲ್ಲಿ ಬೆಳೆಯುತ್ತಾರೆ. ಸಿಪ್ಪೆ ತೆಗೆದ ಮೇಲೆ ಅದಕ್ಕೆ ನೀರು ಸೋಕಿಸುವುದಿಲ್ಲ. ಚಾಕುವನ್ನು ಅರ್ಧಕ್ಕೆ ಇಳಿಸಿ ತಿರುಚಿ, ಹೋಳುಗಳನ್ನು ಮುರಿದು ತೆಗೆಯುತ್ತಾರೆ. ಪೂರ್ತಿ ಕತ್ತರಿಸಿದರೆ ಲೋಳೆ ಬಿಡುತ್ತದೆ ಎಂಬುದು ಅಲ್ಲಿನ ಹೆಂಗಸರ ಅನುಭವ. ಇದನ್ನು ಹೆಚ್ಚಾಗಿ ಹಂದಿಮಾಂಸದೊಡನೆ ಬೇಯಿಸುವುದರಿಂದ ಅತ್ತೆಯವರಿಗಾಗಿ ಕೇಳಿ ತಿಳಿದು ತರಿಸಿ.

ಪ್ರಶ್ನೆ: ಅಲ್ಲಿ ಕಾಫಿ ಬೆಳೆಯುತ್ತಾರೆಯೇ? (ಸುಂಟಿಕೊಪ್ಪದ ಬೆಳೆಗಾರರು)

ಉತ್ತರ: ಇಲ್ಲ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಹನಿ ಮಳೆಯಿಲ್ಲದ, ಬೆಟ್ಟದಲ್ಲಿ ಹಿಮ ಬೀಳುವ ನೆಲ ಕಾಫಿಗೆ ಒಗ್ಗುವುದಿಲ್ಲ. ಕುಡಿಯುವುದರಲ್ಲಿ ಮಾತ್ರ ಅವರು ನಮಗೆ ಕಡಿಮೆಯಿಲ್ಲ. ಹಿಟ್ಟಿನಷ್ಟು ನುಣ್ಣಗೆ ಬೀಸಿದ ಪುಡಿಯನ್ನು ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಸಕ್ಕರೆಯೊಡನೆಯೇ ಕಾಯಿಸಿ, ನೊರೆ ಮೇಲೇರಿದ ಕ್ಷಣ ಇಳಿಸಿ, ಸೋಸದೆ ಬಟ್ಟಲಿಗೆ ಹಾಕುತ್ತಾರೆ. ಸಕ್ಕರೆ ಎಷ್ಟು ಬೇಕೆಂದು ಮೊದಲೇ ಹೇಳಬೇಕು, ಆಮೇಲೆ ಕಲಕುವಂತಿಲ್ಲ. ತಳದ ಗಸಿಯನ್ನು ಕುಡಿಯುವುದಿಲ್ಲ.

ಪ್ರಶ್ನೆ: ದ್ವೀಪದಲ್ಲಿ ನದಿಗಳಿಲ್ಲದಿದ್ದರೆ ಅಷ್ಟು ಪ್ರವಾಸಿಗರಿಗೆ ನೀರು ಎಲ್ಲಿಂದ? ನಾನು ಹೋಂಸ್ಟೇ ನಡೆಸುತ್ತಿರುವುದರಿಂದ ಕೇಳುತ್ತಿದ್ದೇನೆ. (ನಾಪೋಕ್ಲು ಬಳಿಯ ಓದುಗರು)

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ. ವರ್ಷವಿಡೀ ಸಮುದ್ರ ಸೇರುವಷ್ಟು ನೀರು ಹರಿಯುವ ನದಿಗಳು ಅಲ್ಲಿ ಇಲ್ಲವೆಂದೇ ಹೇಳಬೇಕು. ದ್ವೀಪದ ಸರಾಸರಿ ಮಳೆ ವರ್ಷಕ್ಕೆ 500 ಮಿಲಿಮೀಟರಿಗೂ ಕಡಿಮೆ. ಟ್ರೂಡೋಸ್ ನೆತ್ತಿಯಲ್ಲಿ ಮಾತ್ರ ಅದರ ಎರಡರಷ್ಟು. ಮಡಿಕೇರಿಯಲ್ಲಿ 3,000 ಮಿಲಿಮೀಟರ್ ದಾಟುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಸ್ವಾತಂತ್ರ್ಯದ ನಂತರ ಅವರು ನೂರಕ್ಕೂ ಹೆಚ್ಚು ಅಣೆಕಟ್ಟುಗಳನ್ನು ಕಟ್ಟಿದರು. ಅವುಗಳಲ್ಲಿ ಅತಿ ದೊಡ್ಡದಾದ ಕೂರಿಸ್ ಜಲಾಶಯದ ಸಾಮರ್ಥ್ಯ 11.5 ಕೋಟಿ ಘನ ಮೀಟರ್, ಅಂದರೆ ಸುಮಾರು 4 ಟಿಎಂಸಿ. ನಮ್ಮ ಹಾರಂಗಿ 8.5 ಟಿಎಂಸಿಯದು. ಒಂದು ದೇಶದ ಅತಿ ದೊಡ್ಡ ಜಲಾಶಯ ಹಾರಂಗಿಯ ಅರ್ಧದಷ್ಟೂ ಇಲ್ಲ, ಅದೂ ತುಂಬುವುದು ಅಪರೂಪ. 2008ರ ಬರದಲ್ಲಿ ಗ್ರೀಸ್‌ನಿಂದ ಹಡಗುಗಳಲ್ಲಿ ಕುಡಿಯುವ ನೀರು ತರಿಸಿಕೊಳ್ಳಬೇಕಾಯಿತು. ಈಗ ಸಮುದ್ರದ ನೀರಿನ ಉಪ್ಪು ತೆಗೆಯುವ ಘಟಕಗಳೇ ನಗರಗಳಿಗೂ ಹೋಟೆಲುಗಳಿಗೂ ಆಧಾರ, ಅದಕ್ಕೆ ಸುಡುವ ವಿದ್ಯುತ್ತಿನ ಖರ್ಚು ಭಾರಿಯಾದದ್ದು. ಅಯಿಯಾ ನಾಪಾದಂಥ ಕರಾವಳಿ ಊರುಗಳು, ಫಾಮಗುಸ್ತಾ ಕೈತಪ್ಪಿದ ಮೇಲೆ, ಮೀನುಗಾರರ ಹಳ್ಳಿಯಿಂದ ಹೋಟೆಲುಗಳ ಸಾಲಾಗಿ ಬೆಳೆದವು; ಈಗ ಅವು ನಿಂತಿರುವುದು ಈ ನೀರಿನ ಬಲದ ಮೇಲೆ.

ಹೋಂಸ್ಟೇ ನಡೆಸುವ ತಾವು ನೋಡಬೇಕಾದದ್ದು ಬೆಟ್ಟದ ಹಳ್ಳಿಗಳನ್ನು. ಯುವಕರು ಲಿಮಸ್ಸೋಲ್, ನಿಕೋಸಿಯಾಗಳಿಗೆ ಇಳಿದುಹೋಗಿ ಅಲ್ಲಿನ ಮನೆಗಳು ಬೀಳುತ್ತಿದ್ದವು. 1990ರ ದಶಕದಿಂದ, ಸರ್ಕಾರದ ನೆರವಿನಲ್ಲಿ, ಹಳೆಯ ಕಲ್ಲುಮನೆಗಳನ್ನು ಅದೇ ಕಲ್ಲು, ಅದೇ ಮರ, ಅದೇ ಹೆಂಚಿನಲ್ಲಿ ದುರಸ್ತಿ ಮಾಡಿ ಅತಿಥಿಗಳಿಗೆ ಕೊಡುವ ಪದ್ಧತಿ ಬಂದಿತು. ಹೊಸ ಕಾಂಕ್ರೀಟ್ ಕಟ್ಟಡಕ್ಕಾಗಿ ಗುಡ್ಡ ಅಗೆಯುವುದಿಲ್ಲ, ಇರುವ ಮನೆಗೇ ಜೀವ ಬರುತ್ತದೆ. ಕಕೊಪೆಟ್ರಿಯಾದ ಹಳೆಯ ಕೇರಿ ಇದಕ್ಕೆ ಒಳ್ಳೆಯ ಉದಾಹರಣೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ದ್ರಾಕ್ಷಿತೋಟದ ತಡೆಗೋಡೆಗಳನ್ನೂ ಕಾಪಾಡುತ್ತಾರೆ; ಮಣ್ಣು ಜಾರದಂತೆ ಹಿಡಿದಿಡುವುದು ಅವೇ. ಈ ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೋ ಸೈಪ್ರಸ್ ಸೇರಿದಂತೆ ಎಂಟು ದೇಶಗಳ ಪರಂಪರೆಯೆಂದು ಗುರುತಿಸಿತು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದದ್ದನ್ನು ಕಂಡ ಮೇಲೆ, ಮೂರು ಅಂತಸ್ತಿನ ಕಟ್ಟಡಕ್ಕೆ ಗುಡ್ಡ ಕಡಿಯುವ ಮೊದಲು ಖಾಲಿ ಬಿದ್ದಿರುವ ಐನ್‌ಮನೆಯನ್ನೋ (ಕೊಡವ ಕುಟುಂಬದ ಮೂಲಮನೆ) ತೋಟದ ಹಳೆಯ ಬಂಗಲೆಯನ್ನೋ ಸರಿಪಡಿಸುವ ಯೋಚನೆ ಕೊಡಗಿನಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಬರಬೇಕು.

ಪ್ರಶ್ನೆ: ಮಕ್ಕಳಿಗೆ ಹಕ್ಕಿ, ಆಮೆ ನೋಡುವ ಆಸೆ. ಎಲ್ಲಿ, ಯಾವಾಗ? (ಸಿದ್ದಾಪುರದ ತಾಯಿಯೊಬ್ಬರು)

ಉತ್ತರ: ಎರಡೂ ಒಂದೇ ಪ್ರವಾಸದಲ್ಲಿ ಸಿಗುವುದು ಕಷ್ಟ. ಫ್ಲೆಮಿಂಗೊ ಹಕ್ಕಿಗಳು ಲಾರ್ನಕಾದ ಉಪ್ಪುಸರೋವರಕ್ಕೆ ಬರುವುದು ಚಳಿಗಾಲದಲ್ಲಿ, ನವೆಂಬರ್‌ನಿಂದ ಮಾರ್ಚ್‌ವರೆಗೆ. ಬೇಸಿಗೆಯಲ್ಲಿ ಆ ಸರೋವರ ಒಣಗಿ ಬಿಳಿಯ ಉಪ್ಪಿನ ಹಾಸಾಗುತ್ತದೆ. ದಡದಲ್ಲಿರುವ ಹಾಲಾ ಸುಲ್ತಾನ್ ದರ್ಗಾದ ಖರ್ಜೂರದ ಮರಗಳ ಬಳಿ ನಿಂತರೆ ಹಕ್ಕಿಗಳ ಗುಂಪು ಚೆನ್ನಾಗಿ ಕಾಣುತ್ತದೆ, ದೂರದರ್ಶಕ ಒಯ್ಯಿರಿ. ಯೂರೋಪಿನಿಂದ ಆಫ್ರಿಕಾಕ್ಕೆ ಹೋಗುವ ಲಕ್ಷಾಂತರ ಸಣ್ಣ ಹಕ್ಕಿಗಳೂ ಈ ದ್ವೀಪದಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವೆ. ಅಂಟು ಸವರಿದ ಕಡ್ಡಿಗಳಿಂದಲೂ ಬಲೆಗಳಿಂದಲೂ ಅವನ್ನು ಹಿಡಿದು ಹೋಟೆಲುಗಳಿಗೆ ಕದ್ದು ಮಾರುವ ದಂಧೆ ಕಾನೂನು ನಿಷೇಧಿಸಿದರೂ ಪೂರ್ತಿ ನಿಂತಿಲ್ಲ. ಅಂಬೆಲೊಪೂಲಿಯಾ ಎಂಬ ಹೆಸರಿನ ಖಾದ್ಯವನ್ನು ಯಾರಾದರೂ ಗುಟ್ಟಾಗಿ ಬಡಿಸಲು ಬಂದರೆ ಬೇಡವೆನ್ನಿ, ಅದು ಆ ಹಕ್ಕಿಗಳ ಮಾಂಸ.

ಆಮೆಗಳಿಗಾದರೆ ಪಾಫೋಸ್‌ನ ಉತ್ತರಕ್ಕಿರುವ ಅಕಾಮಾಸ್ ಪರ್ಯಾಯದ್ವೀಪದ ಲಾರಾ ತೀರಕ್ಕೆ ಹೋಗಬೇಕು. ಹಸಿರು ಆಮೆ ಮತ್ತು ದೊಡ್ಡತಲೆಯ ಆಮೆ ಎರಡೂ ಬೇಸಿಗೆಯ ರಾತ್ರಿಗಳಲ್ಲಿ ಅಲ್ಲಿ ಮೊಟ್ಟೆಯಿಡುತ್ತವೆ. 1978ರಿಂದ ಅವುಗಳ ಸಂರಕ್ಷಣೆ ನಡೆದಿದೆ. ನರಿಗಳು ಅಗೆಯದಂತೆ ಪ್ರತಿ ಗೂಡಿನ ಮೇಲೂ ಮರಿಗಳು ನುಸುಳಿ ಹೊರಬರುವಷ್ಟು ಸಂದಿಯಿರುವ ಪಂಜರ ಕವುಚಿರುತ್ತಾರೆ. ಆಗಸ್ಟ್ ಹೊತ್ತಿಗೆ ಹೋದರೆ ಮಕ್ಕಳು ಆ ಪಂಜರಗಳನ್ನೂ, ಬೆಳಿಗ್ಗೆ ಬೇಗ ತಲುಪಿದರೆ ನೀರಿನ ಕಡೆಗೆ ಹೋದ ಮರಿಗಳ ಹೆಜ್ಜೆಗುರುತುಗಳನ್ನೂ ನೋಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಂಡೆಯಲ್ಲಿ ರಾತ್ರಿ ಉಳಿಯುವುದು, ಮರಳಿನಲ್ಲಿ ಛತ್ರಿ ನೆಡುವುದು, ವಾಹನ ಇಳಿಸುವುದು ನಿಷಿದ್ಧ. ಅಲ್ಲಿಗೆ ಹೋಗುವ ಮಣ್ಣುರಸ್ತೆ ಬಹಳ ಒರಟಾಗಿರುವುದರಿಂದ ಸಣ್ಣ ಬಾಡಿಗೆ ಕಾರನ್ನು ಒಯ್ಯದೆ, ಪಾಫೋಸ್‌ನಿಂದ ಜೀಪು ಮಾಡಿಕೊಂಡು ಹೋಗುವುದು ಮಕ್ಕಳಿರುವವರಿಗೆ ಉತ್ತಮ.